6 ಮೀಟರ್ ರಸ್ತೆ, 3.2 ಮೀಟರ್ ತಗ್ಗು, ಮೇಲೆ 11 ಕೆ.ವಿ. ಲೈನ್: ಹ್ಯೂಮ್ ಪೈಪ್ ಇಳಿಸಲು ಯಾವ ಯಂತ್ರ, ಯಾವ ಕ್ರಮ?

ಎರೆಮಣ್ಣು_ಸೈಟ್ ಕೇಳಿದ್ದು:

ಗದಗ ಕಡೆಯ ಪಟ್ಟಣವೊಂದರಲ್ಲಿ ಒಳಚರಂಡಿ ಕೆಲಸ. 600 ಮಿ.ಮೀ. ಒಳವ್ಯಾಸದ ಎನ್‌ಪಿ3 ದರ್ಜೆಯ ಹ್ಯೂಮ್ ಪೈಪ್ (ಕಬ್ಬಿಣ ಸೇರಿಸಿದ ಕಾಂಕ್ರೀಟ್ ಪೈಪ್), ಒಂದೊಂದು 2.5 ಮೀ. ಉದ್ದ, ಗೋಡೆ ದಪ್ಪ 85 ಮಿ.ಮೀ. ತಗ್ಗಿನ ಆಳ ಸುಮಾರು 3.2 ಮೀ. ಕಾಂಪೌಂಡಿನಿಂದ ಕಾಂಪೌಂಡಿಗೆ ಅಳೆದರೆ ರಸ್ತೆ ಬರೀ 6 ಮೀ. ಮೇಲೆ ಒಂದಡಿಯಷ್ಟು ಗರಸು, ಕೆಳಗೆ ಪೂರ್ತಿ ಎರೆಮಣ್ಣು. 11 ಕೆ.ವಿ. ಲೈನ್ ಒಂದು ಬದಿಗುಂಟ ಸಾಗಿ ಎರಡು ಕಡೆ ರಸ್ತೆ ದಾಟುತ್ತದೆ.

ಇರುವ ಯಂತ್ರಗಳು 20 ಟನ್ ಹಿಟಾಚಿ (ಟ್ರ್ಯಾಕ್ ಮೇಲೆ ಓಡುವ ತೋಡುವ ಯಂತ್ರ) ಒಂದು, ಜೆಸಿಬಿ ಒಂದು. ಹಿಟಾಚಿಯಲ್ಲಿ ತೋಡಿ, ಜೆಸಿಬಿಯ ಹಿಂದಿನ ಬಕೆಟ್ ಹಲ್ಲಿಗೆ ಚೈನ್ ಸಿಕ್ಕಿಸಿ ಪೈಪ್ ಇಳಿಸುವುದು, ಒಳಗೆ ಇಬ್ಬರು ನಿಂತು ಜಾಯಿಂಟ್ ಕೂಡಿಸುವುದು ಎಂದು ಯೋಜನೆ. ಬೇಸಿಗೆಯಲ್ಲಿ ಎರೆಮಣ್ಣು ಗೋಡೆಯ ಹಾಗೆ ನಿಲ್ಲುತ್ತದೆ, ಶೋರಿಂಗ್ (ತಗ್ಗಿನ ಬದಿಗೆ ಆಸರೆ) ಬೇಕಿಲ್ಲ ಅನ್ನುತ್ತಿದ್ದಾರೆ. ಇದರಲ್ಲಿ ಏನೇನು ಬದಲಿಸಬೇಕು? ಮುಖ್ಯವಾಗಿ ಯಂತ್ರ ಸರಿಯಿದೆಯೇ?

---

ತಗ್ಗು_ಲೆಕ್ಕ:

ಯಂತ್ರದ ಮಾತು ಆಮೇಲೆ. ಮೊದಲು ಟೇಪ್ ಹಿಡಿದು ಅಗಲದ ಲೆಕ್ಕ ಮಾಡಿ, ಉಳಿದ ಅರ್ಧ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಸಿಗುತ್ತದೆ.

ಪೈಪಿನ ಹೊರವ್ಯಾಸ 770 ಮಿ.ಮೀ. ಜಾಯಿಂಟ್ ಕೂಡಿಸಲು ಎರಡೂ ಕಡೆ 300 ಮಿ.ಮೀ. ಇಟ್ಟರೆ ತಳದ ಅಗಲ ಸುಮಾರು 1.4 ಮೀ. ಬದಿಗಳನ್ನು ಒಂದಕ್ಕೆ ಒಂದರ ಇಳಿಜಾರಿನಲ್ಲಿ ಕಡಿದರೆ ಮೇಲಿನ ಅಗಲ 1.4 + 3.2 + 3.2 = 7.8 ಮೀ. ನಿಮ್ಮ ರಸ್ತೆಯೇ 6 ಮೀ. ಅಂದರೆ ಇಳಿಜಾರು ಕಡಿಯುವ ದಾರಿ ಮುಚ್ಚಿತು, ನೆಟ್ಟಗೆ ಕಡಿದು ಬದಿಗೆ ಆಸರೆ ಕೊಡಲೇಬೇಕು. ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ಸಂಹಿತೆಯ ಪ್ರಕಾರ 1.5 ಮೀ. ಮತ್ತು ಅದಕ್ಕಿಂತ ಆಳದ ಕಂದಕದ ಬದಿಗಳು ಇಳಿಜಾರಾಗಿರಬೇಕು, ಇಲ್ಲವೇ ಆಸರೆ ಪಡೆದಿರಬೇಕು. ತೋಡುವ ಕೆಲಸದ ಸುರಕ್ಷತೆಯ ಭಾರತೀಯ ಮಾನದಂಡ ಐಎಸ್ 3764 ಕೂಡ ಇದೇ ದಾರಿಯದು. ನಿಮ್ಮದು ಆ ಮಿತಿಯ ಎರಡು ಪಟ್ಟಿಗಿಂತ ಹೆಚ್ಚು ಆಳ.

ಇನ್ನು ಅಗೆದ ಮಣ್ಣು. ಅಂಚಿನಿಂದ 1.5 ಮೀ. ಅಥವಾ ಆಳದ ಅರ್ಧ, ಯಾವುದು ಹೆಚ್ಚೋ ಅಷ್ಟು ದೂರ ಇರಬೇಕು. ಇಲ್ಲಿ 1.6 ಮೀ. ಆಸರೆಯ ದಪ್ಪ ಸೇರಿ ತಗ್ಗು 1.8 ಮೀ. ಅಗಲವಾದರೆ ಎರಡೂ ಬದಿಗೆ 2.1 ಮೀ. ಉಳಿಯುತ್ತದೆ. ಅದರಲ್ಲಿ 1.6 ಬಿಟ್ಟರೆ ಮಣ್ಣು ಹಾಕಲು ಅರ್ಧ ಮೀಟರ್ ಪಟ್ಟಿ, ಅದೂ ಜನರ ಮನೆ ಗೇಟಿನ ಮುಂದೆ. ಅಲ್ಲಿ ಗುಡ್ಡೆ ಹಾಕುವುದನ್ನು ಮರೆತುಬಿಡಿ, ನೇರ ಟಿಪ್ಪರಿಗೆ ತುಂಬಿ ಹೊರಗೆ ಸಾಗಿಸಿ. ಟಿಪ್ಪರ್ ತಗ್ಗಿನ ಪಕ್ಕ ಬರಬಾರದು, ಯಂತ್ರದ ಹಿಂದೆ ಇನ್ನೂ ತೋಡದ ರಸ್ತೆಯ ಮೇಲೆ ನಿಲ್ಲಬೇಕು.

ಹಿಟಾಚಿ ಕೂಡ ಹಾಗೆಯೇ: ಟ್ರ್ಯಾಕ್ ಎರಡೂ ತಗ್ಗಿನ ನೇರಕ್ಕೆ, ತೋಡದ ನೆಲದ ಮೇಲೆ, ಹಿಂದಕ್ಕೆ ಸರಿಯುತ್ತ ತೋಡಬೇಕು. ಟ್ರ್ಯಾಕ್ ಓಡಿಸುವ ಮೋಟಾರ್ ಹಿಂದಿರಲಿ, ಐಡ್ಲರ್ (ಟ್ರ್ಯಾಕಿನ ಇನ್ನೊಂದು ತುದಿಯ ಮೋಟಾರ್ ಇಲ್ಲದ ಚಕ್ರ) ಮುಂದಿರಲಿ. ಅಂಚಿಗೆ ಸಮಾನಾಂತರವಾಗಿ ನಿಂತರೆ ಯಂತ್ರದ ಇಡೀ ಭಾರ ಒಂದೇ ಬದಿಯ ಗೋಡೆಯನ್ನು ಒಳಕ್ಕೆ ದೂಡುತ್ತದೆ. ಜನ ಇರುವ ತಗ್ಗಿನ ಬದಿಯಿಂದ ಭಾರದ ಯಂತ್ರ, ಲಾರಿ ಎಲ್ಲವೂ ಕನಿಷ್ಠ ತಗ್ಗಿನ ಆಳದಷ್ಟು ದೂರ ಇರಬೇಕು. ಈ ರಸ್ತೆಯಲ್ಲಿ ಅದಕ್ಕೆ ಒಂದೇ ಅರ್ಥ, ಪಕ್ಕದಲ್ಲಿ ಯಾವ ವಾಹನವೂ ಓಡಾಡುವಂತಿಲ್ಲ. ಬೀದಿಯ ಎರಡೂ ತುದಿ ಮುಚ್ಚಿ.

ಇಳಿಯಲು ಹತ್ತಲು ಏಣಿ, ತಳದಿಂದ ಹಿಡಿದು ನೆಲಮಟ್ಟಕ್ಕಿಂತ 90 ಸೆಂ.ಮೀ. ಮೇಲಕ್ಕೆ. ಸ್ಟ್ರಟ್ (ಎರಡು ಬದಿಯ ಆಸರೆಗಳ ನಡುವಿನ ಅಡ್ಡ ಕಂಬ) ಹಿಡಿದು ಹತ್ತುವುದು, ಬಕೆಟ್ಟಿನಲ್ಲಿ ನಿಂತು ಇಳಿಯುವುದು, ಎರಡೂ ನಿಷಿದ್ಧ.

---

ಬಕೆಟ್_ಬಾಸ್:

ಲೆಕ್ಕ ಸರಿ. ಆದರೆ ಏಪ್ರಿಲ್‌ನಲ್ಲಿ ಒಣಗಿದ ಎರೆಮಣ್ಣು 3 ಮೀ. ನೆಟ್ಟಗೆ ನಿಲ್ಲುವುದು ಈ ಭಾಗದಲ್ಲಿ ಎಲ್ಲರೂ ನೋಡಿರುವ ಸಂಗತಿ. ಒಂದು ಪೈಪ್ ಇಳಿಸಿ ಜಾಯಿಂಟ್ ಮಾಡಲು 20 ನಿಮಿಷ. ಅಷ್ಟಕ್ಕೆ ಶೋರಿಂಗ್ ಕಟ್ಟುತ್ತ ಕೂತರೆ ದಿನಕ್ಕೆ ನಾಲ್ಕು ಪೈಪ್ ಆಗುವುದಿಲ್ಲ.

---

ತಗ್ಗು_ಲೆಕ್ಕ:

ನಿಲ್ಲುತ್ತದೆ, ಬೀಳುವ ತನಕ. ಎರೆಮಣ್ಣಿನಲ್ಲಿ ಮೋಸ ಇರುವುದೇ ಅಲ್ಲಿ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಈ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕು ಕಾಣುತ್ತದಲ್ಲ, ರಸ್ತೆಯ ಗರಸಿನ ಕೆಳಗೂ ಅದೇ ಬಿರುಕುಗಳಿವೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಬಿರುಕುಗಳ ನಡುವೆ ಒಂದೊಂದು ಹೆಂಟೆ ಕಲ್ಲಿನಂತೆ ಗಟ್ಟಿ. ಆದರೆ ಹೆಂಟೆ ಹೆಂಟೆಗೆ ಬೆಸುಗೆ ಇಲ್ಲ. ತಗ್ಗು ತೋಡಿದ ಕೂಡಲೇ ಒಂದು ಕಡೆಯ ಒತ್ತು ಹೋಗುತ್ತದೆ, ಬಿರುಕಿನ ಈಚೆಗಿನ ಹಲಗೆ ಇಡಿಯಾಗಿ ಕಳಚಿ ಬೀಳುತ್ತದೆ. ಮರಳು ಮಣ್ಣು ಉದುರುತ್ತ ಉದುರುತ್ತ ಸುಳಿವು ಕೊಡುತ್ತದೆ, ಇದು ಕೊಡುವುದಿಲ್ಲ.

ಒಂದು ಘನ ಮೀಟರ್ ಮಣ್ಣಿನ ತೂಕ 1.6ರಿಂದ 2 ಟನ್. 3 ಮೀ. ಎತ್ತರ, 2 ಮೀ. ಉದ್ದ, ಅರ್ಧ ಮೀಟರ್ ದಪ್ಪದ ಹಲಗೆ ಬಿದ್ದರೆ 5 ಟನ್ ಹತ್ತಿರ. ಎದೆಮಟ್ಟ ಹೂತರೂ ಸಾಕು, ಉಸಿರು ಬಿಟ್ಟಾಗ ಎದೆ ಕುಗ್ಗಿದ ಜಾಗಕ್ಕೆ ಮಣ್ಣು ಒತ್ತಿ ಕೂರುತ್ತದೆ, ಮತ್ತೆ ಉಸಿರೆಳೆಯಲು ಬಿಡುವುದಿಲ್ಲ. 20 ನಿಮಿಷ ಎನ್ನುವುದು ವಾದವೇ ಅಲ್ಲ, ಕುಸಿತಕ್ಕೆ ಎರಡು ಸೆಕೆಂಡ್ ಬೇಕು.

ಪಟ್ಟಣದ ರಸ್ತೆಯಲ್ಲಿ ಇನ್ನೂ ಎರಡು ಕಾರಣ ಸೇರುತ್ತವೆ. ತಗ್ಗಿನ ಪಕ್ಕದಲ್ಲಿ ಹಿಂದೆ ನೀರಿನ ಪೈಪಿಗೆಂದು ತೋಡಿ ಮುಚ್ಚಿದ ಸಡಿಲ ಮಣ್ಣು ಇರುತ್ತದೆ. ರಸ್ತೆ ಬದಿಯ ಗಟಾರದಿಂದ ನೀರು ಒಸರಿ ಬಿರುಕಿನೊಳಗೆ ಇಳಿದಿರುತ್ತದೆ. ಬಾಯಿ ಒಣಗಿ ಬುಡ ಮೆತ್ತಗಾದ ಗೋಡೆ ಎಲ್ಲಕ್ಕಿಂತ ಅಪಾಯ.

ನೋಡಬೇಕಾದ ಗುರುತುಗಳು: ಅಂಚಿಗೆ ಸಮಾನಾಂತರವಾಗಿ ನೆಲದ ಮೇಲೆ ಹೊಸ ಬಿರುಕು, ಗೋಡೆಯ ಬುಡ ಹೊಟ್ಟೆ ಉಬ್ಬಿದಂತಾಗುವುದು, ಒಸರು, ಪುಡಿ ಮಣ್ಣು ಪದೇಪದೇ ಜಾರುವುದು. ಬೆಳಿಗ್ಗೆ ಒಮ್ಮೆ, ಊಟದ ನಂತರ ಒಮ್ಮೆ, ಮಳೆ ಬಂದರೆ ಮತ್ತೊಮ್ಮೆ ನೋಡಿ, ಆಮೇಲೆ ಜನ ಇಳಿಯಲಿ.

ದಿನಕ್ಕೆಷ್ಟು ಪೈಪ್ ಎಂಬ ಪ್ರಶ್ನೆಗೆ ಪರಿಹಾರ ಟ್ರೆಂಚ್ ಬಾಕ್ಸ್. ಎರಡು ಉಕ್ಕಿನ ಗೋಡೆ, ನಡುವೆ ಸ್ಟ್ರಟ್. 2.5 ಮೀ. ಪೈಪಿಗೆ 3.5 ಮೀ. ಉದ್ದದ ಒಂದು ಬಾಕ್ಸ್ ಸಾಕು, ಕೆಲಸ ಮುಂದೆ ಹೋದಂತೆ ಅದೂ ಹೋಗುತ್ತದೆ. ಸೈಟಿನ ವೆಲ್ಡರ್ ಕೈಯಲ್ಲಿದ್ದ ಕಬ್ಬಿಣ ಸೇರಿಸಿ ಮಾಡಿದ್ದು ಬೇಡ. ಮಣ್ಣಿನ ಒತ್ತಡ ಲೆಕ್ಕ ಹಾಕಿ ಎಂಜಿನಿಯರ್ ಸಹಿ ಮಾಡಿದ ಡ್ರಾಯಿಂಗ್ ಇರಲಿ.

---

ಶ್ಯಾಕಲ್_ಸ್ಲಿಂಗ್:

ಈಗ ಎತ್ತುವ ವಿಷಯ. ಬಕೆಟ್ ಹಲ್ಲಿಗೆ ಚೈನ್ ಎಂಬುದನ್ನು ಯೋಜನೆಯಿಂದ ಇವತ್ತೇ ಹೊಡೆದುಹಾಕಿ.

ಪೈಪಿನ ತೂಕ: ಸರಾಸರಿ ವ್ಯಾಸ 0.685 × 3.14 × ದಪ್ಪ 0.085 × ಉದ್ದ 2.5 = ಸುಮಾರು 0.457 ಘನ ಮೀ. ಘನ ಮೀಟರಿಗೆ 2500 ಕೆ.ಜಿ. ಎಂದರೆ 1140 ಕೆ.ಜಿ. ಸಾಕೆಟ್ ಉಬ್ಬು, ಸ್ಲಿಂಗ್ (ಎತ್ತುವ ಬೆಲ್ಟ್), ಶ್ಯಾಕಲ್ (ಅದನ್ನು ಸಿಕ್ಕಿಸುವ ಉಕ್ಕಿನ ಕೊಂಡಿ) ಸೇರಿಸಿ 1250 ಎಂದು ಹಿಡಿಯಿರಿ. ಜೆಸಿಬಿಯ ಹಿಂದಿನ ತೋಳು ಪೂರ್ತಿ ಚಾಚಿದಾಗ ಈ ತೂಕ ಅದರ ಮಿತಿಗೇ ಬಂದು ತಾಗುತ್ತದೆ. ಜೊತೆಗೆ ಅದು ತಗ್ಗಿನ ಪಕ್ಕದಲ್ಲೇ ಸ್ಟೆಬಿಲೈಸರ್ (ಯಂತ್ರ ವಾಲದಂತೆ ಊರುವ ಕಾಲು) ಊರಿ ನಿಲ್ಲಬೇಕು. ಆ ಸ್ಟೆಬಿಲೈಸರ್ ಪಾದದ ಒತ್ತಡ ಬೀಳುವುದು ಮೇಲೆ ಹೇಳಿದ ಬಿರುಕಿನ ಗೋಡೆಯ ತಲೆಯ ಮೇಲೇ. ಜೆಸಿಬಿ ಮರಳು, ಜಲ್ಲಿ ಸಾಗಿಸಲಿ. ಪೈಪ್ ಮುಟ್ಟುವುದು ಬೇಡ.

ಹಲ್ಲಿಗೆ ಚೈನ್ ಏಕೆ ಕೆಟ್ಟದ್ದು? ಹಲ್ಲು ಒಂದು ಪಿನ್ ಮೇಲೆ ನಿಂತಿರುವ, ತೋಡಲು ಮಾಡಿದ ಭಾಗ. ಆಪರೇಟರ್ ಬಕೆಟ್ ಲಿವರನ್ನು ಒಂದಿಂಚು ಹೊರಕ್ಕೆ ತಳ್ಳಿದರೂ ಹಲ್ಲು ಕೆಳಮುಖವಾಗುತ್ತದೆ, ಚೈನ್ ಜಾರುತ್ತದೆ. ತಯಾರಕರೇ ಕೊಟ್ಟ, ಮೇಲೆ ಟನ್ ಮಿತಿ ಬರೆದ ಎತ್ತುವ ಕಣ್ಣು ಬಕೆಟ್ ಲಿಂಕ್ ಹತ್ತಿರ ಇದ್ದರೆ ಮಾತ್ರ ಎತ್ತಬಹುದು. ಸೈಟಿನಲ್ಲಿ ಬೆಸೆದ ಕೊಕ್ಕೆ ಬೇಡ.

ಮುಂದೆ, ಹಿಟಾಚಿಯ ಲೋಡ್ ಚಾರ್ಟ್, ಅಂದರೆ ಎಷ್ಟು ದೂರದಲ್ಲಿ ಎಷ್ಟು ತೂಕ ಎತ್ತಬಹುದೆಂಬ ಪಟ್ಟಿ. ಕ್ಯಾಬಿನೊಳಗೆ ಅಂಟಿಸಿರುತ್ತದೆ, ಕಿತ್ತುಹೋಗಿದ್ದರೆ ಡೀಲರಿಂದ ತರಿಸಿ. ದೂರವನ್ನು ಟ್ರ್ಯಾಕಿನ ತುದಿಯಿಂದಲ್ಲ, ಯಂತ್ರ ತಿರುಗುವ ನಡುಬಿಂದುವಿನಿಂದ ಅಳೆಯಬೇಕು. ಪೈಪ್ ನೆಲಮಟ್ಟಕ್ಕಿಂತ 3 ಮೀ. ಕೆಳಗೆ ಇಳಿಯುವುದರಿಂದ ಆ ಸಾಲನ್ನೂ ಓದಿ. ಟ್ರ್ಯಾಕಿನ ನೇರಕ್ಕೆ ಒಂದು ಅಂಕಿ, ಅಡ್ಡಕ್ಕೆ ಒಂದು ಅಂಕಿ ಇರುತ್ತದೆ. ಸಾಮಾನ್ಯವಾಗಿ ಅಡ್ಡದ್ದು ಕಡಿಮೆ. ಬಕೆಟ್ ಇಲ್ಲದೆ ಕೊಟ್ಟ ಅಂಕಿಯಾದರೆ ಬಕೆಟ್ ತೂಕ ಕಳೆಯಬೇಕು. ಐಎಸ್‌ಒ 10567 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಚಾರ್ಟಿನ ಅಂಕಿ ಎಂದರೆ ಉರುಳುವ ಭಾರದ ಶೇ. 75 ಅಥವಾ ಹೈಡ್ರಾಲಿಕ್ ಶಕ್ತಿಯ ಶೇ. 87, ಯಾವುದು ಕಡಿಮೆಯೋ ಅದು. ಅದೂ ಗಟ್ಟಿ ಸಮತಟ್ಟು ನೆಲದಲ್ಲಿ. ಉಳಿದ ಶೇ. 25 ನಿಮ್ಮದಲ್ಲ, ಅದನ್ನು ತಿನ್ನಲು ಹೋಗಬೇಡಿ.

ಬೂಮ್ (ಯಂತ್ರದ ದೊಡ್ಡ ತೋಳು) ಎತ್ತುವ ಸಿಲಿಂಡರಿನ ಬುಡದಲ್ಲಿ ಹೋಸ್ ಒಡೆದರೆ ತಡೆಯುವ ವಾಲ್ವ್ ಇದೆಯೇ ಎಂದೂ ಕೇಳಿ. ಮಣ್ಣು ತೋಡಲೆಂದೇ ಕೊಂಡ ಎಷ್ಟೋ ಯಂತ್ರಗಳಲ್ಲಿ ಇರುವುದಿಲ್ಲ. ಇಲ್ಲದಿದ್ದರೆ ಹೋಸ್ ಒಡೆದ ಕ್ಷಣ ಬೂಮ್ ಭಾರದ ಸಮೇತ ಕೆಳಗೆ ಬರುತ್ತದೆ. ಅಂಥದ್ದರಿಂದ ಪೈಪ್ ಎತ್ತಿಸಬೇಡಿ.

ಕ್ವಿಕ್ ಕಪ್ಲರ್ (ಬಕೆಟ್ ಬೇಗ ಬದಲಿಸುವ ಜೋಡಣೆ) ಇದ್ದರೆ ಸುರಕ್ಷತಾ ಪಿನ್ ಕೂತಿದೆಯೇ ಎಂದು ಕ್ಯಾಬಿನಿಂದ ಇಳಿದು ಬಂದು ಕಣ್ಣಿಂದ ನೋಡಬೇಕು. ಬಕೆಟ್ ಬದಲಿಸಿದಾಗಲೆಲ್ಲ ಬಕೆಟ್ ಒಳಕ್ಕೆ ಮಡಚಿ, ನೆಲಕ್ಕೆ ಒತ್ತಿ ಅಲುಗಾಡಿಸಿ ಪರೀಕ್ಷಿಸಿ. ಪಿನ್ ಕಳೆದುಹೋದ ಜಾಗಕ್ಕೆ ಕಬ್ಬಿಣದ ಸರಳು ತುರುಕಿದ್ದು ಕಂಡರೆ ಯಂತ್ರ ನಿಲ್ಲಿಸಿ.

ಸ್ಲಿಂಗ್: ಹಸಿರು ಬಣ್ಣದ 2 ಟನ್ ಬೆಲ್ಟ್ ಎರಡು, ಪೈಪಿನ ಕಾಲು ಮತ್ತು ಮುಕ್ಕಾಲು ಉದ್ದದಲ್ಲಿ ಉರುಳು ಹಾಕಿ. ಉರುಳು ಹಾಕಿದಾಗ ಬೆಲ್ಟಿನ ಶಕ್ತಿ ಶೇ. 80ಕ್ಕೆ ಇಳಿಯುತ್ತದೆ, ಆದರೂ ಸಾಕು. ಎರಡು ಬೆಲ್ಟ್‌ಗಳ ನಡುವಿನ ಕೋನ 60 ಡಿಗ್ರಿ ಇದ್ದರೆ ಒಂದೊಂದರ ಮೇಲೆ ಸುಮಾರು 660 ಕೆ.ಜಿ. ಗಿಡ್ಡ ಬೆಲ್ಟ್ ಹಾಕಿ ಕೋನ 120ಕ್ಕೆ ಹೋದರೆ ಒಂದೊಂದರ ಮೇಲೂ ಪೂರ್ತಿ 1140. ಪೈಪಿನ ಒಳಗಿಂದ ಚೈನ್ ತೂರಿಸಿ ಎತ್ತಿದರೆ ರಬ್ಬರ್ ರಿಂಗ್ ಕೂರುವ ತುದಿಯೇ ಒಡೆಯುತ್ತದೆ, ಜಾಯಿಂಟ್ ಸೋರುತ್ತದೆ.

ಪೈಪನ್ನು ಮೊದಲು ಒಂದಡಿ ಎತ್ತಿ ನಿಲ್ಲಿಸಿ, ಸಮತೋಲ ನೋಡಿ, ಆಮೇಲೆ ಒಯ್ಯಿ. ಎರಡೂ ತುದಿಗೆ ಹಗ್ಗ ಕಟ್ಟಿ ಮೇಲಿನಿಂದ ಹಿಡಿಯಿರಿ. ತಳದಿಂದ ಒಂದಡಿ ಎತ್ತರಕ್ಕೆ ಬರುವ ತನಕ ಒಳಗಿನವರು ಬಾಕ್ಸಿನ ಆಚೆ ತುದಿಯಲ್ಲಿ, ಈಗಾಗಲೇ ಕೂರಿಸಿದ ಪೈಪಿನ ಕಡೆ ನಿಂತಿರಲಿ.

ಜಾಯಿಂಟ್ ಕೂಡಿಸುವಾಗ ಬಕೆಟ್ಟಿನಿಂದ ಪೈಪ್ ತಳ್ಳಿಸುವ ಅಭ್ಯಾಸ ಎಲ್ಲೆಡೆ ಇದೆ. ಬೆರಳು ಹೋಗುವುದು ಆಗಲೇ. ಪೈಪಿನ ಹಿಂದಿನ ತುದಿಗೆ ಮರದ ದಿಮ್ಮಿ ಅಡ್ಡ ಇಟ್ಟು ಹಾರೆಯಿಂದ ಮೀಟಿ, ಅಥವಾ ಚೈನ್ ಪುಲ್ಲಿಯಿಂದ ಎಳೆಯಿರಿ. ಆ ಹೊತ್ತಿನಲ್ಲಿ ಬಕೆಟ್ ನೆಲಕ್ಕೆ ಊರಿರಬೇಕು, ಆಪರೇಟರ್ ಹೈಡ್ರಾಲಿಕ್ ಲಾಕ್ ಲಿವರ್ ಹಾಕಿ ಕೈ ಎತ್ತಿ ತೋರಿಸಿರಬೇಕು. ಸಿಗ್ನಲ್ ಕೊಡುವವನು ಒಬ್ಬನೇ. ‘ನಿಲ್ಲಿಸು’ ಎಂಬುದನ್ನು ಮಾತ್ರ ಯಾರು ಬೇಕಾದರೂ ಹೇಳಬಹುದು.

---

ಲೈನ್_ಕ್ಲಿಯರ್:

11 ಕೆ.ವಿ. ಲೈನ್ ರಸ್ತೆ ದಾಟುವಲ್ಲಿ ನೆಲದಿಂದ ಕನಿಷ್ಠ 6.1 ಮೀ., ರಸ್ತೆಗುಂಟ ಹೋಗುವಲ್ಲಿ 5.8 ಮೀ. ಇರಬೇಕೆಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ. ಅದು ಕನಿಷ್ಠ. ಕಂಬ ವಾಲಿ, ತಂತಿ ಜೋತುಬಿದ್ದು, ರಸ್ತೆಯ ಮೇಲೆ ಡಾಂಬರಿನ ಪದರ ಏರಿ ನಿಜವಾದ ಎತ್ತರ ಅದಕ್ಕಿಂತ ಕಡಿಮೆ ಇರಬಹುದು. ಕೋಲು ಎತ್ತಿ ಅಳೆಯಲು ಹೋಗಬೇಡಿ, ಹೆಸ್ಕಾಂ (ಈ ಭಾಗದ ವಿದ್ಯುತ್ ಕಂಪನಿ) ಸೆಕ್ಷನ್ ಆಫೀಸಿನವರಿಂದ ಅಳೆಸಿ.

ಯಂತ್ರದ ಯಾವ ಭಾಗವೂ ತಂತಿಗೆ 3 ಮೀ. ಒಳಗೆ ಬರಬಾರದು. 6 ಮೀ. ಎತ್ತರದ ತಂತಿ ಎಂದರೆ ಅದರ ಕೆಳಗೆ ನಿಮಗೆ ಸಿಗುವುದು 3 ಮೀ. ಹಿಟಾಚಿಯ ಕ್ಯಾಬ್ ಎತ್ತರವೇ ಸುಮಾರು ಅಷ್ಟಿದೆ. ಇನ್ನೂ ಒಂದು ಸಂಗತಿ: ಇಕ್ಕಟ್ಟಿನಲ್ಲಿ ತಿರುಗಿಸಲು ಬೂಮ್ ಮಡಚುತ್ತಾರೆ, ಮಡಚಿದಷ್ಟೂ ಅದರ ಮೊಣಕೈ ಮೇಲೇರುತ್ತದೆ. ಆಪರೇಟರಿನ ಕಣ್ಣು ಬಕೆಟ್ ಮೇಲಿರುತ್ತದೆ, ಮೊಣಕೈ ಮೇಲಲ್ಲ. ಟಿಪ್ಪರ್ ಡಬ್ಬ ಎತ್ತಿ ಜಲ್ಲಿ ಸುರಿಯುವಾಗಲೂ ಇದೇ ಕಥೆ. ಮುಂಭಾಗ ತಂತಿಗೆ ತಗಲುತ್ತದೆ.

ಆದ್ದರಿಂದ ನಿಮ್ಮ ಸೈಟಿನಲ್ಲಿ ‘ಜಾಗ್ರತೆಯಿಂದ ಮಾಡೋಣ’ ಎಂಬ ಆಯ್ಕೆಯೇ ಇಲ್ಲ. ಕೆಲಸ ನಡೆಯುವಷ್ಟು ಉದ್ದದ ಲೈನಿಗೆ ಲೈನ್ ಕ್ಲಿಯರ್ (ಕರೆಂಟ್ ತೆಗೆದು ಕೆಲಸಕ್ಕೆ ಕೊಡುವ ಅನುಮತಿ) ತೆಗೆದುಕೊಳ್ಳಿ. ಕಾಗದದ ಮೇಲೆ, ಎಷ್ಟರಿಂದ ಎಷ್ಟು ಗಂಟೆ ಎಂದು ಬರೆದು. ಫೋನಿನಲ್ಲಿ ‘ಕರೆಂಟ್ ತೆಗೆದಿದೆ’ ಎಂದರೆ ಕೆಲಸ ಶುರು ಮಾಡಬೇಡಿ. ಎರಡೂ ಕಡೆ ಅರ್ತಿಂಗ್ (ತಂತಿಯನ್ನು ನೆಲಕ್ಕೆ ಜೋಡಿಸುವುದು) ಕಟ್ಟಿದ್ದನ್ನು ನೋಡಿದ ಮೇಲೆ ಬೂಮ್ ಎತ್ತಿ. ಯಾರದ್ದೋ ಜನರೇಟರ್, ಛಾವಣಿಯ ಸೋಲಾರ್ ಹಿಮ್ಮುಖವಾಗಿ ಕರೆಂಟ್ ಬಿಡಬಹುದು, ಅರ್ತಿಂಗ್ ಇರುವುದು ಅದಕ್ಕಾಗಿಯೇ. ಲೈನ್ ಕ್ಲಿಯರ್ ಸಿಗದ ದಿನ ಆ ಭಾಗ ಬಿಟ್ಟು ಬೇರೆ ಕಡೆ ತೋಡಿ. ತಂತಿ ದಾಟುವ ಜಾಗದ ಎರಡೂ ಬದಿಗೆ ಬಿದಿರಿನ ಕಮಾನು ಕಟ್ಟಿ, ಅಡ್ಡಪಟ್ಟಿಗೆ ಬಾವುಟ ಹಾಕಿ. ಅದರಡಿ ತೂರದ ಯಂತ್ರ, ಲಾರಿ ಮುಂದೆ ಹೋಗುವಂತಿಲ್ಲ.

ತಂತಿ ತಗಲಿಯೇ ಬಿಟ್ಟರೆ: ಆಪರೇಟರ್ ಕ್ಯಾಬಿನಲ್ಲೇ ಇರಬೇಕು, ಸಾಧ್ಯವಾದರೆ ಬೂಮ್ ಸರಿಸಿ ತಂತಿಯಿಂದ ಬಿಡಿಸಬೇಕು. ಉಳಿದವರು ಕನಿಷ್ಠ 10 ಮೀ. ದೂರ. ಟೈರ್ ಇದೆ, ಏನಾಗದು ಎಂಬುದು ಸುಳ್ಳು. 11,000 ವೋಲ್ಟಿಗೆ ಇಂಗಾಲ ಬೆರೆತ ಟೈರ್ ತಡೆಯಲ್ಲ. ಟೈರ್ ಒಳಗೆ ಸುಟ್ಟು ಎಷ್ಟೋ ಹೊತ್ತಿನ ಮೇಲೆ ಸಿಡಿಯಲೂಬಹುದು. ಒಮ್ಮೆ ಟ್ರಿಪ್ ಆದ ಲೈನ್ ತಾನಾಗಿಯೋ ಸ್ಟೇಷನ್ನಿನಿಂದಲೋ ಮತ್ತೆ ಚಾರ್ಜ್ ಆಗಬಹುದು, ಸದ್ದು ನಿಂತಿತೆಂದು ಇಳಿಯಬಾರದು. ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಬೆಂಕಿ ಹತ್ತಿದರೆ ಮಾತ್ರ ಇಳಿಯುವುದು: ಯಂತ್ರವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ, ಎರಡೂ ಪಾದ ಜೋಡಿಸಿ ನೆಗೆದು, ಪಾದ ಜೋಡಿಸಿಕೊಂಡೇ ಪುಟ್ಟಪುಟ್ಟದಾಗಿ ಕುಪ್ಪಳಿಸುತ್ತ ದೂರ ಹೋಗಬೇಕು. ಹೆಜ್ಜೆ ಅಗಲ ಮಾಡಿದರೆ ಎರಡು ಪಾದಗಳ ನಡುವಿನ ವೋಲ್ಟೇಜ್ ದೇಹದ ಮೂಲಕ ಹರಿಯುತ್ತದೆ.

ನೆಲದೊಳಗಿನ ಕೇಬಲ್ಲಿಗೆ: 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಬಿಟ್ಟ ‘ಕಾಲ್ ಬಿಫೋರ್ ಯೂ ಡಿಗ್’ ಆ್ಯಪಿನಲ್ಲಿ ಮೊದಲೇ ಮಾಹಿತಿ ಹಾಕಿ. ಆದರೂ ಕೈಯಿಂದ ಅಡ್ಡ ಗುಂಡಿ ತೋಡಿ ನೋಡದೆ ಬಕೆಟ್ ಇಳಿಸಬೇಡಿ.

---

ಎರೆಮಣ್ಣು_ಸೈಟ್:

ಎಲ್ಲರಿಗೂ ಧನ್ಯವಾದ. ಜೆಸಿಬಿಯಿಂದ ಪೈಪ್ ಎತ್ತುವುದು ರದ್ದು. ಎರಡು ಪ್ರಶ್ನೆ ಉಳಿದಿವೆ. 20 ಟನ್ ಯಂತ್ರವೇ ಸಾಕೇ, 14 ಟನ್ನಿನದು ಬಾಡಿಗೆಗೆ ತರಬೇಕೇ? ಬಾಕ್ಸ್ ಎಳೆಯುವುದು ಯಾವಾಗ, ಹೇಗೆ? ಅಂದಾಜು ಪಟ್ಟಿಯಲ್ಲಿ ಶೋರಿಂಗ್‌ಗೆ ದರವೇ ಇಲ್ಲ ಎಂಬ ತಕರಾರೂ ಬಂದಿದೆ.

---

ತಗ್ಗು_ಲೆಕ್ಕ:

20 ಟನ್ ಯಂತ್ರದ ಹಿಂಭಾಗ ತಿರುಗುವ ತ್ರಿಜ್ಯ ಸುಮಾರು 2.75 ಮೀ. ರಸ್ತೆಯ ನಡುವೆ ನಿಲ್ಲಿಸಿದರೆ ಕಾಂಪೌಂಡಿಗೆ ಉಳಿಯುವುದು ಬರೀ 25 ಸೆಂ.ಮೀ. ಕೌಂಟರ್‌ವೇಟ್ (ಯಂತ್ರದ ಹಿಂಭಾಗದ ಸಮತೋಲದ ತೂಕ) ಮತ್ತು ಗೋಡೆಯ ನಡುವೆ ಮನುಷ್ಯ ಸಿಕ್ಕಿಬೀಳುವ ಜಾಗ ಅದು. ಗೇಟ್ ತೆರೆದು ಹೊರಬರುವ ಮಗುವಿಗೂ ಅದೇ. 14 ಟನ್ನಿನದರ ತ್ರಿಜ್ಯ ಸುಮಾರು 2.2 ಮೀ., ಎರಡೂ ಬದಿಗೆ 80 ಸೆಂ.ಮೀ. ಉಳಿಯುತ್ತದೆ. ಕನಿಷ್ಠ 60 ಬೇಕು. 14 ತನ್ನಿ. ಆದರೂ ಯಂತ್ರದ ಪಕ್ಕಕ್ಕೆ ಬ್ಯಾರಿಕೇಡ್ ಹಾಕಿ, ಆ ಮನೆಗಳವರಿಗೆ ಹಿಂದಿನ ದಿನವೇ ತಿಳಿಸಿ, ಗೇಟಿನ ಹತ್ತಿರ ಒಬ್ಬ ಕಾವಲು ಇರಲಿ.

ಆದರೆ ಬಾಕ್ಸಿನ ತೂಕ ಮೊದಲು ಕೇಳಿ. ಉಕ್ಕಿನ ಬಾಕ್ಸ್ 2 ಟನ್ ದಾಟಬಹುದು, ಮಣ್ಣಿಗೆ ಅಂಟಿಕೊಂಡಾಗ ಎಳೆತ ಇನ್ನೂ ಹೆಚ್ಚು. 14 ಟನ್ನಿನ ಚಾರ್ಟ್ ಅದನ್ನು ಹೊರದಿದ್ದರೆ ಹಗುರ ಅಲ್ಯೂಮಿನಿಯಂ ಬಾಕ್ಸ್, ಇಲ್ಲವೇ ಬಿಡಿ ಬಿಡಿಯಾಗಿ ಕೂರಿಸುವ ಮರದ ಹಲಗೆ, ವೇಲಿಂಗ್ (ಹಲಗೆಗಳನ್ನು ಹಿಡಿಯುವ ಅಡ್ಡ ತೊಲೆ), ಸ್ಟ್ರಟ್. ಮರದ್ದಾದರೆ ವೇಲಿಂಗ್ ಅಂತರ 1.2 ಮೀ. ಮೀರದಿರಲಿ, ಕೂರಿಸುವುದು ಮೇಲಿನಿಂದ ಕೆಳಕ್ಕೆ, ಬಿಚ್ಚುವುದು ಮಣ್ಣು ತುಂಬುತ್ತ ಕೆಳಗಿನಿಂದ ಮೇಲಕ್ಕೆ.

ದರದ ತಕರಾರಿಗೆ: ಒಂದು ಮೀಟರ್ ಉದ್ದಕ್ಕೆ ಎರಡು ಗೋಡೆ ಸೇರಿ 6.4 ಚದರ ಮೀ. ಆಸರೆ. ಅದನ್ನು ಚದರ ಮೀಟರ್ ಲೆಕ್ಕದ ಪ್ರತ್ಯೇಕ ಐಟಂ ಎಂದು ಬರೆದು, ರಸ್ತೆ ಅಗಲ 6 ಮೀ., ಇಳಿಜಾರಿಗೆ ಬೇಕಾದದ್ದು 7.8 ಮೀ. ಎಂಬ ಚಿತ್ರ ಲಗತ್ತಿಸಿ ಹೆಚ್ಚುವರಿ ಅಂದಾಜಿಗೆ ಕಳಿಸಿ. ಮಂಜೂರಾತಿ ಬರುವ ಮುಂಚೆ 1.5 ಮೀ. ಕೆಳಗೆ ಯಾರನ್ನೂ ಇಳಿಸಬೇಡಿ. ಮಾತಿನಲ್ಲಿ ಹೇಳಿದ್ದು ದಾಖಲೆಯಾಗುವುದಿಲ್ಲ, ಸೈಟ್ ಆರ್ಡರ್ ಬುಕ್ಕಿನಲ್ಲಿ ಬರೆಸಿ.

ಬಾಕ್ಸ್ ಎಳೆಯುವಾಗ ಒಳಗೆ ಯಾರೂ ಇರಕೂಡದು. ಪೈಪಿನ ಎರಡೂ ಬದಿಗೆ ಅರ್ಧ ಎತ್ತರದವರೆಗೆ ಬಾಕ್ಸ್ ಒಳಗಿನಿಂದಲೇ ಮಣ್ಣು ತುಂಬಿ ಧಮ್ಮಸ್ಸು ಮಾಡಿ, ಜನ ಏಣಿಯಿಂದ ಮೇಲೆ ಬಂದ ಮೇಲೆ ಬಾಕ್ಸನ್ನು ಅರ್ಧ ಮೀಟರಿನಷ್ಟು ಎತ್ತಿ, ಅನಂತರ ಮುಂದಕ್ಕೆ ಎಳೆಯಿರಿ. ತಳಕ್ಕೆ ಕಚ್ಚಿಕೊಂಡಿರುವಾಗಲೇ ಎಳೆದರೆ ಬೆಡ್ಡಿಂಗ್ (ಪೈಪಿನ ಕೆಳಗಿನ ಹಾಸು) ಕದಲಿ ಈಗಷ್ಟೇ ಕೂಡಿಸಿದ ಜಾಯಿಂಟ್ ಬಿಡುತ್ತದೆ. ಬಾಕ್ಸ್ ಸರಿದ ಜಾಗ ನೆಲಮಟ್ಟದವರೆಗೆ ಆ ದಿನವೇ ಮುಚ್ಚಬೇಕು, ರಾತ್ರಿಗೆ ತೆರೆದು ಬಿಡಬೇಡಿ.